ಎಡಗಡೆ ಒಂದಿಂಚು ಕಮ್ಮಿ

ಮರ್ಫಿ ಟೌನಿನ ಟೇಲರ್ ಇನಾಯತ್ ಉಲ್ಲಾ ಸಾಹೇಬರು ಹೊಲಿದ ಅಂಗಿ ಬಿಗಿಯಾಯಿತೆಂದು ಮೂವತ್ತು ವರ್ಷಗಳಲ್ಲಿ ಒಬ್ಬನೇ ಒಬ್ಬ ಗಿರಾಕಿಯೂ ವಾಪಸು ಬಂದಿರಲಿಲ್ಲ. ಇದನ್ನು ಅವರು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಅಳತೆ ಕೊಟ್ಟ ಮೇಲೆ ಎರಡು ಮದುವೆ ಊಟ, ಒಂದು ಹಬ್ಬದ ಬಿರಿಯಾನಿ ಮುಗಿಸಿ ಬಂದವನಿಗೂ ಅಂಗಿ ಹಿತವಾಗಿಯೇ ಕೂರುತ್ತಿತ್ತು. "ಟೇಪು ಎಲ್ಲಾರ ಹತ್ರಾನೂ ಇದೆ. ಈ ಬೆರಳು ಯಾರ ಹತ್ರ ಇದೆ?" ಎಂದು ಸಾಹೇಬರು ಹೆಬ್ಬೆರಳನ್ನೂ ತೋರುಬೆರಳನ್ನೂ ಜೋಡಿಸಿ ತೋರಿಸುತ್ತಿದ್ದರು.

ಅಳತೆ ತೆಗೆಯುವ ಕ್ರಮ ಮಾತ್ರ ಮದುವೆಯಾದ ವರ್ಷದಿಂದ ಬದಲಾಗಿರಲಿಲ್ಲ. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಅಡುಗೆಮನೆ, ನಡುವೆ ಒಂದು ಹೂವಿನ ಪರದೆ. ಸಾಹೇಬರು ಗಿರಾಕಿಯ ಮೈಮೇಲೆ ಟೇಪು ಹಿಡಿದು ಸಂಖ್ಯೆ ಕೂಗುವರು. ಪರದೆಯ ಆಚೆ ಹೆಂಡತಿ ಹಮೀದಾ ಒಂದು ಕೈಯಲ್ಲಿ ಸೌಟು ಆಡಿಸುತ್ತ ಇನ್ನೊಂದು ಕೈಯಲ್ಲಿ ಅಳತೆ ಪುಸ್ತಕಕ್ಕೆ ಬರೆದುಕೊಂಡು "ಹ್ಞೂಂ" ಎನ್ನುವರು. ಹ್ಞೂಂ ಕೇಳಿದೊಡನೆ ಸಾಹೇಬರು ಆ ಸಂಖ್ಯೆಯನ್ನು ಮರೆತುಬಿಡುವರು. ನೆನಪಿಟ್ಟುಕೊಳ್ಳುವುದು ಪುಸ್ತಕದ ಕೆಲಸ. ಪುಸ್ತಕ ನೋಡಿ ಕತ್ತರಿಸುವುದು ತಮ್ಮ ಕೆಲಸ.

ಇಂಥ ಸಾಹೇಬರು ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಸೋಮವಾರ ಜೀಪು ತಂದು ಮನೆಮುಂದೆ ನಿಲ್ಲಿಸಿದರು.

ಅದು ಸಾಮಾನ್ಯ ಜೀಪಲ್ಲ. ಬೆನ್ಸನ್ ಟೌನಿನ ಗಿರಾಕಿಯೊಬ್ಬ ಬ್ರಹ್ಮಚಾರಿಯಾಗಿದ್ದಾಗ ಆಸೆಪಟ್ಟು ಮಾಡಿಸಿದ್ದು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ. ಸ್ಪ್ರಿಂಗು ಬದಲಾಯಿಸಿ ಇಡೀ ಮೈಯನ್ನು ನಾಲ್ಕಿಂಚು ಮೇಲೆತ್ತಿದ್ದರು. ಟಯರುಗಳು ಮದುವೆಮನೆಯ ದೇಗಚಿಗಳಷ್ಟು ದಪ್ಪ. ಹೊಳೆ ದಾಟುವಾಗ ಎಂಜಿನ್ನು ಉಸಿರಾಡಲೆಂದು ಪಕ್ಕದಲ್ಲಿ ಆನೆ ಸೊಂಡಿಲಿನಂಥ ಕೊಳವೆ ಬೇರೆ. ಮರ್ಫಿ ಟೌನಿನಲ್ಲಿ ದಾಟಲು ಹೊಳೆಯಿಲ್ಲ, ಮಳೆಗಾಲದಲ್ಲಿ ಮೋರಿ ಉಕ್ಕಿದರೆ ಉಂಟು. ಆ ಗಿರಾಕಿಗೆ ಮದುವೆಯಾಯಿತು, ಹೊಸ ಹೆಂಡತಿ ಒಂದೇ ಒಂದು ಸಲ ಜೀಪು ಹತ್ತಿ ಇಳಿದಳು, ಮರುದಿನ ಅದು ಮಾರಾಟಕ್ಕೆ ಬಂತು.

ಹಮೀದಾ ಹೊರಗೆ ಬಂದು ನೋಡಿದರು. ಜೀಪಿನ ಬಾಗಿಲಿನ ಕೆಳಗಿನ ಅಂಚು ಅವರ ಸೊಂಟದ ಹತ್ತಿರ ಇತ್ತು.

"ಇದನ್ನ ಹತ್ತೋದು ಯಾರು?"

"ನಾವು."

"ಹತ್ತಿದ ಮೇಲೆ ಇಳಿಸೋಕೆ ಯಾರನ್ನ ಕರೆಯೋದು?"

ಸಾಹೇಬರು ಜೀಪಿನ ಬಾಗಿಲು ತೆರೆದು ತೋರಿಸುತ್ತಿರುವಾಗ ಹಮೀದಾರ ತಮ್ಮ ಅಫ್ಜಲ್ ಸ್ಕೂಟರಿನಲ್ಲಿ ಬಂದಿಳಿದ. ಶಿವಾಜಿನಗರದಲ್ಲಿ ಹಳೇ ವಾಹನಗಳ ಬಿಡಿಭಾಗ ಮಾರುವವನು. ಯಾವ ಗಾಡಿ ಕಂಡರೂ ಮೊದಲು ಅದರ ತುಂಡುಗಳೇ ಅವನ ಕಣ್ಣಿಗೆ ಬೀಳುತ್ತಿದ್ದವು. ಜೀಪಿನ ಸುತ್ತ ಎರಡು ಸುತ್ತು ಬಂದ. ಸೊಂಡಿಲಿನ ಮೇಲೆ ಪ್ರೀತಿಯಿಂದ ಕೈಯಾಡಿಸಿದ. ತಲೆ ಓರೆ ಮಾಡಿದ.

"ಚೆನ್ನಾಗಿದೆ ದುಲೇಭಾಯಿ," ಎಂದ. ಅಕ್ಕನ ಗಂಡನನ್ನು ಅವನು ಕರೆಯುವುದು ಹಾಗೆ. "ಆದ್ರೆ ಎಡಕ್ಕೆ ವಾಲ್ತಾ ಇದೆಯಲ್ಲ?"

"ಎಲ್ಲಿ?"

"ನಂಗೆ ಹಾಗನ್ಸ್ತು ಅಷ್ಟೇ. ಲಿಫ್ಟ್ ಮಾಡಿದ ಗಾಡಿಗಳ ಹಣೆಬರಹಾನೇ ಇಷ್ಟು. ಆಕ್ಸಲ್ ಓರೆಯಾಗಿರುತ್ತೆ. ಪರವಾಗಿಲ್ಲ, ನಿಮ್ಗೆ ತಲೆನೋವಾದ್ರೆ ನಂಗೆ ಕೊಟ್ಬಿಡಿ. ಟೇಲರ್‌ಗೆ ಯಾಕೆ ಇವೆಲ್ಲಾ?"

ಹಮೀದಾ ಗಂಡನ ಮುಖವನ್ನೂ ತಮ್ಮನ ಮುಖವನ್ನೂ ನೋಡಿ, ಸೆರಗಿಗೆ ಕೈ ಒರೆಸಿಕೊಂಡು ತೀರ್ಪು ಕೊಟ್ಟರು. "ಭಾನುವಾರ ಕೆ.ಆರ್. ಪುರಂನ ಹಾಲ್‌ನಲ್ಲಿ ನಮ್ಮ ನೌರೀನ್ ನಿಶ್ಚಿತಾರ್ಥ. ಇದರಲ್ಲೇ ಹೋಗೋಣ. ದಾರೀಲಿ ಎಲ್ಲೂ ನಿಲ್ಲದೆ, ನಾಲ್ಕು ಜನರ ಮುಂದೆ ನಗೆಪಾಟಲಾಗದೆ, ಮರ್ಯಾದೆಯಿಂದ ತಲುಪಿದ್ರೆ ಜೀಪು ಮನೇಲಿರುತ್ತೆ. ಇಲ್ಲಾಂದ್ರೆ ಅಫ್ಜಲ್ ತಗೊಂಡು ಹೋಗ್ಲಿ."

ನೌರೀನ್ ಅಫ್ಜಲನ ಮಗಳು. ಅಂದರೆ ಜೀಪಿನ ಪರೀಕ್ಷೆ ಮುಗಿಯುವುದೂ ಅವನ ಸಮಾರಂಭದಲ್ಲೇ, ಫಲಿತಾಂಶಕ್ಕೆ ಕಾದು ನಿಲ್ಲುವವನೂ ಅವನೇ. "ಆಪಾ ಮಾತು ಅಂದ್ರೆ ಮಾತು," ಎಂದು ಅಫ್ಜಲ್ ಆಗಲೇ ಅರ್ಧ ಜೀಪು ಬಿಚ್ಚಿದವನಂತೆ ನಗುತ್ತ ಹೋದ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಟಿದ್ದ ಮಗಳು ಮೆಹ್ವಿಶಳನ್ನು ಸಾಹೇಬರು ತಡೆದು ನಿಲ್ಲಿಸಿ ಫೋನಿನಲ್ಲಿ ವಿಡಿಯೋ ಹುಡುಕಿಸಿದರು. ಗಡ್ಡದ ಮನುಷ್ಯನೊಬ್ಬ ಎತ್ತರಿಸಿದ ಜೀಪಿನ ಪಕ್ಕ ಕೂತು ವಿವರಿಸುತ್ತಿದ್ದ. ಪ್ರತಿ ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ, ಎಡಬಲ ಒಂದೇ ಇರಬೇಕು. ಮುಂದಿನ ಚಕ್ರದ ಮಧ್ಯದಿಂದ ಹಿಂದಿನ ಚಕ್ರದ ಮಧ್ಯಕ್ಕೆ ಅಳೆಯಿರಿ, ಅದೂ ಎರಡೂ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ಆಕ್ಸಲ್ ಓರೆ.

"ಇಷ್ಟೇನಾ?" ಎಂದರು ಸಾಹೇಬರು. "ಇದು ಷರ್ಟಿಗಿಂತ ಸುಲಭ. ತೋಳಿಲ್ಲ, ಕಾಲರ್ ಇಲ್ಲ."

ಕೊರಳಿಗೆ ಟೇಪು ಹಾಕಿಕೊಂಡು ಅವರು ಬೀದಿಗಿಳಿದಾಗ ಎದುರುಮನೆಯ ರೇವತಿ ಹೂ ಕಟ್ಟುವುದನ್ನು ನಿಲ್ಲಿಸಿದರು. ಪಕ್ಕದ ಬಾಡಿಗೆ ಕೋಣೆಯ ಗಾರೆ ಕೆಲಸದ ಪೀರಪ್ಪ ಬುತ್ತಿ ಡಬ್ಬಿ ಹಿಡಿದು ಹೊರಟವನು ನಿಂತ. ಹಮೀದಾ ಪಕ್ಕದ ಸಂದಿಯಿಂದ ಬೀದಿ ಕಾಣುವ ಅಡುಗೆಮನೆಯ ಕಿಟಕಿಯಲ್ಲಿ ಪುಸ್ತಕ ಇಟ್ಟುಕೊಂಡರು. ಒಲೆಯ ಮೇಲೆ ದಾಲ್ಚಾ ಕುದಿಯುತ್ತಿತ್ತು.

"ಬಲಗಡೆ ಮುಂದೆ, ಇಪ್ಪತ್ತೊಂದು!"

"ಹ್ಞೂಂ."

"ಬಲಗಡೆ ಹಿಂದೆ, ಇಪ್ಪತ್ತೊಂದು!"

"ಹ್ಞೂಂ."

ಮುಂದಿನ ಚಕ್ರದಿಂದ ಹಿಂದಿನದಕ್ಕೆ ಬಂದಾಗ ಒಂದು ತೊಡಕಾಯಿತು. ಟೇಲರ್ ಟೇಪು ಅರವತ್ತು ಇಂಚಿಗೆ ಮುಗಿದುಹೋಗುತ್ತದೆ. ಅದನ್ನು ಮಾಡಿದವರು ಅದಕ್ಕಿಂತ ದಪ್ಪದ ಮನುಷ್ಯನನ್ನು ಕಲ್ಪಿಸಿಕೊಂಡಿರಲಿಲ್ಲ. ಸಾಹೇಬರು ಅರವತ್ತರಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಅಲ್ಲಿಂದ ಮತ್ತೆ ಹಿಡಿದು, "ತೊಂಬತ್ತಮೂರು!" ಎಂದರು.

"ಹ್ಞೂಂ... ಅಯ್ಯೋ, ತಳ ಹಿಡೀತು! ಮೆಹ್ವಿಶ್, ಬಾರೇ, ಪೆನ್ನು ಹಿಡ್ಕೋ!"

ಹಮೀದಾ ಒಲೆಯ ಕಡೆ ಓಡಿದರು. ಎಡಗಡೆಯ ಅಳತೆ ಬರೆದುಕೊಂಡವಳು ಮೆಹ್ವಿಶ್. ಇಪ್ಪತ್ತೊಂದು, ಇಪ್ಪತ್ತೊಂದು, ತೊಂಬತ್ತಮೂರು. ಅವಳು ಹ್ಞೂಂ ಅನ್ನಲಿಲ್ಲ, "ಓಕೆ ಅಬ್ಬಾ" ಎಂದಳು.

ಸಾಹೇಬರು ಕೈ ಕೊಡವಿಕೊಂಡು, ಕನ್ನಡಕ ಏರಿಸಿ, ಪುಸ್ತಕ ತರಿಸಿಕೊಂಡು ನೋಡಿದರು. ಬಲಗಡೆ: ಇಪ್ಪತ್ತೆರಡು, ಇಪ್ಪತ್ತೆರಡು, ತೊಂಬತ್ತನಾಲ್ಕು. ಎಡಗಡೆ: ಇಪ್ಪತ್ತೊಂದು, ಇಪ್ಪತ್ತೊಂದು, ತೊಂಬತ್ತಮೂರು.

ಅವರ ಮುಖ ಬಿಳಿಚಿತು. "ಎಡಗಡೆ ಒಂದಿಂಚು ಕಮ್ಮಿ," ಎಂದು ಬೀದಿಗೆಲ್ಲ ಕೇಳುವಂತೆ ಘೋಷಿಸಿದರು. "ಎಲ್ಲಾ ಕಡೆ. ಮೈಯೂ ವಾಲಿದೆ, ಆಕ್ಸಲ್ಲೂ ಓರೆ."

ಹಾಗೆಂದು ಅವರು ದುಡುಕಲಿಲ್ಲ. ಜವಾಬ್ದಾರಿಯುಳ್ಳ ಮನುಷ್ಯನಾದ್ದರಿಂದ ಮತ್ತೆ ಮೂರು ಸಲ ಅಳೆದು ನೋಡಿದರು. ಕಾಯಿಲೆ ಇರುವುದು ಎಡಗಡೆಯಾದ್ದರಿಂದ ಎಡಗಡೆಯನ್ನು ಮಾತ್ರ ಅಳೆದರು. ಮೂರು ಸಲವೂ ಇಪ್ಪತ್ತೊಂದೇ ಬಂತು. ಆರೋಗ್ಯವಾಗಿದ್ದ ಬಲಗಡೆಗೆ ಯಾಕೆ ಸುಮ್ಮನೆ ತೊಂದರೆ ಕೊಡುವುದು ಎಂದು ಅದರ ತಂಟೆಗೆ ಹೋಗಲಿಲ್ಲ.

ಸುದ್ದಿ ಮಧ್ಯಾಹ್ನದೊಳಗೆ ಹಲಸೂರು ಕೆರೆಯ ತನಕ ಹಬ್ಬಿತು. ಸಂಜೆ ರೇವತಿ ದಾರದಲ್ಲಿ ಪೋಣಿಸಿದ ನಿಂಬೆಹಣ್ಣು, ಮೆಣಸಿನಕಾಯಿ ಹಿಡಿದು ಬಂದರು. "ಭಾಯ್, ಇದು ಆಕ್ಸಲ್ಲೂ ಇಲ್ಲ ಒಂದೂ ಇಲ್ಲ. ನಿಮ್ಮ ಭಾಮೈದ ಕಣ್ಣು ಹಾಕಿದ್ದು. ಅವರು ನೋಡಿದ ನೋಟ ನಾನೇ ನೋಡಿದೆನಲ್ಲ. ಮುಂದೆ ಕಟ್ಟಿ, ಸರಿಹೋಗತ್ತೆ."

"ಕಟ್ಟಮ್ಮ. ಆದ್ರೆ ಬಲಗಡೆ ಕಟ್ಟು," ಎಂದರು ಸಾಹೇಬರು. "ಎಡಗಡೆ ಈಗ್ಲೇ ಭಾರ."

ಪೀರಪ್ಪ ಯಾದಗಿರಿ ಕಡೆಯವನು. ಕಣ್ಣುದೃಷ್ಟಿಯನ್ನಾಗಲಿ ವಿಡಿಯೋವನ್ನಾಗಲಿ ನಂಬದೆ ನೀರನ್ನು ನಂಬುವವನು. ಬುಧವಾರ ಕೆಲಸದಿಂದ ಬರುವಾಗಲೇ ಗೋಡೆ ಕಟ್ಟುವಾಗ ಮಟ್ಟ ನೋಡುವ ಉದ್ದನೆಯ ಪಾರದರ್ಶಕ ಪೈಪು ತಂದು, ಅದಕ್ಕೆ ನೀರು ತುಂಬಿ, ಒಂದು ತುದಿಯನ್ನು ಹೆಂಡತಿ ಸಾಬಮ್ಮನ ಕೈಗೆ ಕೊಟ್ಟು ಮೊದಲು ರಸ್ತೆಯ ಮಟ್ಟ, ಆಮೇಲೆ ಜೀಪಿನ ಮಟ್ಟ ನೋಡಿದ.

"ಸಾಹೇಬ್ರ, ನಿಮ್ಮ ಜೀಪಿಗಿ ಏನೂ ಆಗಿಲ್ರೀ. ರಸ್ತಿನೇ ಮೋರಿ ಕಡಿಗಿ ಅರ್ಧ ಬಟ್ಟು ವಾಲ್ಯದ. ರಸ್ತಿ ಎಷ್ಟು ವಾಲ್ಯದೋ ಜೀಪೂ ಅಷ್ಟೇ ವಾಲ್ಯದ."

"ಪೀರಪ್ಪ, ನೀನು ಗೋಡೆಗೆ ಸರಿ. ಗೋಡೆಗೆ ಸ್ಪ್ರಿಂಗ್ ಇರುತ್ತಾ?"

"ಇಲ್ರೀ."

"ಮತ್ತೆ? ಪುಸ್ತಕದಲ್ಲಿ ಬರೆದಿದೆಯಪ್ಪ. ನನ್ನ ಹೆಂಡತಿ ಕೈಬರಹ. ನೀರು ಇವತ್ತು ಹೀಗಿರುತ್ತೆ, ನಾಳೆ ಹಾಗಿರುತ್ತೆ."

ಗೋಡೆ ಕಟ್ಟುವವನು ಪುಸ್ತಕದ ಎದುರು ಏನು ಹೇಳಿಯಾನು? ಪೈಪಿನ ನೀರನ್ನು ರೇವತಿಯವರ ತುಳಸಿ ಗಿಡಕ್ಕೆ ಸುರಿದು ಒಳಗೆ ಹೋದ.

ಗುರುವಾರ ಸಾಹೇಬರು ಜೀಪನ್ನು ಕೆ.ಆರ್. ಪುರಂನ ಗ್ಯಾರೇಜಿಗೆ ಒಯ್ದರು. ಗ್ಯಾರೇಜಿನ ಯಾಸಿರ್, ಅಫ್ಜಲನ ಹೆಂಡತಿಯ ಅಣ್ಣನ ಮಗ. ಅಫ್ಜಲನಿಗೆ ಹತ್ತಿರದವನಾದರೂ ಸುಳ್ಳು ಹೇಳದ ಹುಡುಗ ಎಂದು ಹೆಸರಿತ್ತು. ನಿಶ್ಚಿತಾರ್ಥಕ್ಕೆ ಅವನ ಕುರ್ತಾ ಹೊಲಿದುಕೊಟ್ಟವರೂ ಸಾಹೇಬರೇ. ಅವನು ಜೀಪನ್ನು ಸಮನೆಲದ ಮೇಲೆ ನಿಲ್ಲಿಸಿ, ಉಕ್ಕಿನ ಟೇಪು ಹಿಡಿದು ನಾಲ್ಕೂ ಕಡೆ ಅಳೆದು, ಕೆಳಗೆ ಮಲಗಿ ಸ್ಪ್ರಿಂಗು, ಬೋಲ್ಟುಗಳನ್ನೆಲ್ಲ ಅಲ್ಲಾಡಿಸಿ ನೋಡಿ ಎದ್ದ.

"ಚಾಚಾ, ಬಲ ಇಪ್ಪತ್ತೊಂದು, ಎಡ ಇಪ್ಪತ್ತೊಂದು. ಉದ್ದ ಎರಡೂ ಕಡೆ ತೊಂಬತ್ತಮೂರು. ಆಕ್ಸಲ್ ಅಚ್ಚುಕಟ್ಟಾಗಿ ಕೂತಿದೆ. ಮನೆಗೆ ಹೋಗಿ ಚಾಯ್ ಕುಡೀರಿ."

ಸಾಹೇಬರು ಪುಸ್ತಕ ತೆರೆದು ಮುಂದೆ ಹಿಡಿದರು. "ಬಲ ಇಪ್ಪತ್ತೆರಡು. ನಿನ್ನ ಟೇಪು ಯಾತರದ್ದು?"

"ಸ್ಟೀಲು."

"ಬಿಸಿಲಲ್ಲಿ ಬಿದ್ದಿತ್ತಾ?"

"ಬಿದ್ದಿತ್ತು."

"ಅದಕ್ಕೇ. ಬಿಸಿಲಿಗೆ ಲೋಹ ಹಿಗ್ಗುತ್ತೆ. ಟೇಪು ಹಿಗ್ಗಿದ್ರೆ ಅಳತೆ ಕಮ್ಮಿ ಬರುತ್ತೆ."

"ಹಾಗಾದ್ರೆ ಎರಡೂ ಕಡೆ ಕಮ್ಮಿ ಬರ್ಬೇಕಲ್ವಾ ಚಾಚಾ?"

"ನೀನು ಬಲಗಡೆ ಅಳೆಯೋವಾಗ ಬಿಸಿಲಿತ್ತು. ಎಡಗಡೆಗೆ ಬಂದಾಗ ಮೋಡ ಬಂತು. ನಾನು ಮೇಲೆ ನೋಡ್ತಾನೇ ಇದ್ದೆ."

ಯಾಸಿರ್ ಆಕಾಶ ನೋಡಿದ. ಒಂದು ಮೋಡ ನಿಜವಾಗಿಯೂ ಇತ್ತು. ಆಕಾಶವೇ ಅವರ ಕಡೆ ಇರುವಾಗ ವಾದಿಸಿ ಫಲವಿಲ್ಲ ಎಂದು ಅವನಿಗೆ ಅನ್ನಿಸಿತು.

"ಎಡಗಡೆ ಸ್ಪ್ರಿಂಗ್ ಕೆಳಗೆ ಒಂದಿಂಚಿನ ಕಬ್ಬಿಣದ ತುಂಡು ಇಡು," ಎಂದರು ಸಾಹೇಬರು. "ಮುಂದೊಂದು, ಹಿಂದೊಂದು."

"ಇಟ್ರೆ ಜೀಪು ಬಲಕ್ಕೆ ವಾಲುತ್ತೆ. ಆಮೇಲೆ ನನ್ನ ಬೈಬಾರ್ದು."

"ನೋಡು ಯಾಸಿರ್, ನನ್ನ ಅಂಗಡಿಗೆ ಬಂದ ಗಿರಾಕಿ ಏನು ಕೇಳ್ತಾನೋ ಅದನ್ನ ನಾನು ಹೊಲಿದು ಕೊಡ್ತೀನಾ ಇಲ್ವಾ?"

"ಕೊಡಲ್ಲ ಚಾಚಾ. ಕುರ್ತಾ ಟೈಟಾಗಿರ್ಲಿ, ಜಿಮ್‌ಗೆ ಹೋಗಿದ್ದು ಕಾಣ್ಲಿ ಅಂದೆ. ಹ್ಞೂಂ ಅಂದ್ರಿ. ಬಂದಿದ್ದು ನೋಡಿದ್ರೆ ಗಾಳಿಯಾಡೋ ಹಾಗಿದೆ."

"ಹೇಳಿದ ಅಳತೆಗೇ ಕತ್ತರಿಸಿದ್ದೀನಿ!" ಸಾಹೇಬರಿಗೆ ಕೋಪ ಬಂತು. "ಪುಸ್ತಕ ಇಲ್ಲೇ ಇದೆ!"

ಪುಸ್ತಕ ಅಲ್ಲೇ ಇತ್ತು, ಆದರೆ ಇಬ್ಬರೂ ಆ ಪುಟ ತೆರೆಯಲಿಲ್ಲ. ಯಾಸಿರ್ ನಿಟ್ಟುಸಿರು ಬಿಟ್ಟು ಜ್ಯಾಕ್ ತಂದ. ಆಕ್ಸಲನ್ನು ಕದಲಿಸಲು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ತುಂಡುಗಳನ್ನು ಇಟ್ಟು, "ತೆಗೀಬೇಕು ಅನ್ಸಿದ್ರೆ ಹೇಳಿ, ಅರ್ಧ ಗಂಟೆ ಕೆಲಸ. ಅಲ್ಲೀತನಕ ನಿಧಾನಕ್ಕೆ ಓಡ್ಸಿ," ಎಂದು ಎರಡೆರಡು ಸಲ ಹೇಳಿ ಕಳಿಸಿದ.

ಜೀಪು ಮರ್ಫಿ ಟೌನಿಗೆ ಮರಳಿದಾಗ ಅದು ಬಲಕ್ಕೆ ವಾಲಿದೆ ಎಂದು ಹೇಳಲು ಯಾರಿಗೂ ಪೈಪೂ ಬೇಕಾಗಲಿಲ್ಲ, ಟೇಪೂ ಬೇಕಾಗಲಿಲ್ಲ. ಚಕ್ರದ ಹತ್ತಿರದ ಒಂದಿಂಚು ಮೇಲೆ ಹೋಗುತ್ತ ಹೋಗುತ್ತ ಒಂದು ಗೇಣಾದಂತೆ ಕಾಣುತ್ತಿತ್ತು. ಪಕ್ಕದವರ ಮಾತನ್ನು ಕಿವಿಗೊಟ್ಟು ಕೇಳುವ ಮನುಷ್ಯನ ಹಾಗೆ ಅದು ಎದುರುಮನೆಯ ಕಡೆ ಬಾಗಿತ್ತು.

"ನಮ್ಮನೇಲಿ ಏನು ಮಾತಾಡ್ತೀವಿ ಅಂತ ಕೇಳ್ಸ್ಕೊಳ್ತಾ ಇದೆಯಾ ಭಾಯ್?" ಎಂದರು ರೇವತಿ.

"ಹೊಸ ಬಟ್ಟೆ ಒಂದು ಒಗೆತ ಆಗೋವರೆಗೂ ಹಾಗೇ ಇರುತ್ತೆ," ಎಂದು ಸಾಹೇಬರು ಗಂಭೀರವಾಗಿ ನುಡಿದರು. ಶುಕ್ರವಾರ ನಮಾಜಿನಿಂದ ಬಂದು ಜೀಪನ್ನು ತೊಳೆದರು. ಶನಿವಾರ ಮತ್ತೊಮ್ಮೆ ತೊಳೆದರು. ಜೀಪು ಥಳಥಳ ಹೊಳೆಯುತ್ತ ಬಲಕ್ಕೇ ವಾಲಿ ನಿಂತಿತು.

ಸಂಜೆ ಅಫ್ಜಲ್ ಫೋನು ಮಾಡಿದ. "ದುಲೇಭಾಯಿ, ನಾಳೆ ಬರ್ತಾ ಜೀಪಿನ ಕಾಗದಪತ್ರಾನೂ ತಂದ್ಬಿಡಿ. ಎರಡೆರಡು ಸಲ ಯಾಕೆ ಓಡಾಡ್ತೀರಾ?"

ಸಾಹೇಬರು ಫೋನಿಟ್ಟು ಬಾಗಿಲ ಬಳಿ ಬಂದು ಕೂತರು. ಅದನ್ನು ಕಂಡು ಹಮೀದಾ ಚಹಾಕ್ಕಿಟ್ಟರು. ಮಾತು ಕೊಟ್ಟಾಗಿತ್ತು, ಅದೂ ತಮ್ಮನ ಎದುರು. ಚಹಾ ತಂದು ಪಕ್ಕದಲ್ಲಿಟ್ಟರು. "ಎಡಗಡೆ ಭಾರ ಹಾಕಿದ್ರೆ ಸರಿಯಾಗಲ್ವಾ?" ಎಂದು ಮೆಲ್ಲಗೆ ಕೇಳಿದರು. ಸಾಹೇಬರು ತಲೆ ಎತ್ತಿದರು.

ಹೀಗೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮರ್ಫಿ ಟೌನಿನಿಂದ ಹೊರಟ ಜೀಪಿನಲ್ಲಿ ನೆಂಟರಲ್ಲದವರೂ ಇದ್ದರು. ಹಿಂದೆ ಎದುರುಬದುರು ಎರಡು ಬೆಂಚು. ಎಡಗಡೆ ಬೆಂಚಿನಲ್ಲಿ ಸಾಲಾಗಿ ಮೆಹ್ವಿಶ್, ರೇವತಿ, ಪೀರಪ್ಪ. ರೇವತಿಯವರಿಗೆ ಕೆ.ಆರ್. ಪುರಂನಲ್ಲಿ ತಂಗಿಯ ಮನೆಗೆ ಹೋಗುವುದಿತ್ತು. ಪೀರಪ್ಪನಿಗೆ ಎಲ್ಲೂ ಹೋಗುವುದಿರಲಿಲ್ಲ, ತೂಕಕ್ಕೆಂದೇ ಕರೆತಂದದ್ದು. "ನಾ ಭಾಳ ಹಗುರ ಇದ್ದೀನ್ರೀ," ಎಂದು ಸಂಕೋಚಪಟ್ಟು ಅವನು ಅರ್ಧ ಚೀಲ ಮರಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಮುಂದೆ ಎಡಗಡೆ ಹಮೀದಾ; ಅವರು ಇಸ್ತ್ರಿ ಮೇಜಿನ ಸ್ಟೂಲು ಹತ್ತಿ, ಸ್ಟೂಲಿನಿಂದ ಜೀಪು ಹತ್ತಿದ್ದರು. ಸ್ಟೂಲೂ ಜತೆಗೆ ಬಂದಿತ್ತು. ಬಲಗಡೆಯ ಇಡೀ ಬೆಂಚಿನ ಮೇಲೆ ಒಂದು ಮಿಠಾಯಿ ಡಬ್ಬ, ಪಕ್ಕದಲ್ಲಿ ಅಳತೆ ಪುಸ್ತಕ. ಯಾರಾದರೂ ಪ್ರಶ್ನೆ ಕೇಳಿದರೆ ತೋರಿಸಲು ಸಾಹೇಬರು ತಂದಿದ್ದರು.

ಇಂದಿರಾನಗರದವರೆಗೆ ಪ್ರಯಾಣ ಸುಖವಾಗಿತ್ತು. ಅಲ್ಲಿನ ಸಿಗ್ನಲ್ಲಿನಲ್ಲಿ ಬೈಕಿನ ಹುಡುಗನೊಬ್ಬ ಕೇಳಿದ, "ಅಂಕಲ್, ಆ ಕಡೆ ಸೀಟು ಯಾರ್ಗಾದ್ರೂ ಬುಕ್ ಆಗಿದೆಯಾ?"

"ಮುಂದೆ ನೋಡ್ಕೊಂಡು ಓಡ್ಸಪ್ಪ," ಎಂದರು ರೇವತಿ.

ಹಳೇ ಮದ್ರಾಸ್ ರಸ್ತೆ ಹಿಡಿದು, ಬೈಯಪ್ಪನಹಳ್ಳಿ ದಾಟಿ, ಟಿನ್ ಫ್ಯಾಕ್ಟರಿ ಹತ್ತಿರ ಬಂದಾಗ ಟ್ರಾಫಿಕ್ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಜೀಪು ನಿಂತಿತು. ಹಮೀದಾ ಗಂಡನ ಕಡೆ ನೋಡಲಿಲ್ಲ, ತಮ್ಮ ಬಳೆಗಳನ್ನು ನೋಡಿಕೊಂಡರು. ದಾರಿಯಲ್ಲಿ ಎಲ್ಲೂ ನಿಲ್ಲಬಾರದು ಎಂದವರು ಅವರೇ.

ಪೊಲೀಸರು ಹತ್ತಿರ ಬಂದು ಒಳಗೆ ಇಣುಕಿದರು. ಒಂದೇ ಬದಿಯಲ್ಲಿ ಒತ್ತರಿಸಿ ಕೂತ ಮೂವರು, ಒಬ್ಬನ ತೊಡೆಯ ಮೇಲೆ ಮರಳಿನ ಚೀಲ, ಎದುರಿಗೆ ಒಂಟಿಯಾಗಿ ಮಿಠಾಯಿ ಡಬ್ಬ.

"ಏನ್ರೀ ಇದು? ಮಿಠಾಯಿಗೆ ಅಷ್ಟು ಮರ್ಯಾದಿ, ಮನುಷ್ಯರಿಗೆ ಇಷ್ಟು ಇಕ್ಕಟ್ಟು..." ಎನ್ನುತ್ತ ಚಾಲಕನ ಮುಖ ನೋಡಿದರು. "ಅರೆ, ಟೇಲರ್ ಸಾಹೇಬ್ರು!"

ಭಗವಂತರಾಯರು. ಕಲಬುರಗಿ ಕಡೆಯವರು. ಹೋದ ತಿಂಗಳಷ್ಟೇ ಹಲಸೂರು ಕೆರೆ ಸುತ್ತ ವಾಕಿಂಗ್ ಮುಗಿಸಿ ಬಂದು ಸಾಹೇಬರ ಬಳಿ ಯೂನಿಫಾರ್ಮ್ ಪ್ಯಾಂಟಿಗೆ ಅಳತೆ ಕೊಟ್ಟಿದ್ದರು. ಸಾಹೇಬರಿಗೆ ಧೈರ್ಯ ಬಂತು. ಆಕ್ಸಲ್ಲು, ಒಂದಿಂಚು, ಬಿಸಿಲಿನ ಟೇಪು ಎಲ್ಲವನ್ನೂ ಹೇಳಿ, ಪುರಾವೆಗೆ ಪುಸ್ತಕವನ್ನು ಕೈಗಿತ್ತರು. ಭಗವಂತರಾಯರು ಜೀಪಿನ ಪುಟ ನೋಡಿದರು. ತಲೆ ಕೆರೆದುಕೊಂಡರು. ಹಿಂದಿನ ಪುಟಗಳನ್ನು ತಿರುವಿದರು. ಒಂದು ಕಡೆ ಅವರ ಬೆರಳು ನಿಂತಿತು.

"ಇದೇನ್ರೀ! ನನ್ನ ಸೊಂಟ ನಲವತ್ತೊಂದು ಅಂತ ಬರ್ದದ?"

"ಇರಬಹುದು ಸರ್, ಪುಸ್ತಕದಲ್ಲಿ ಏನಿದೆಯೋ ಅದೇ..."

"ಏನಿದೆಯೋ ಅದಲ್ಲ! ನೀವು ಬಾಯಿ ಬಿಟ್ಟು 'ನಲವತ್ತು' ಅಂತ ಕೂಗಿದ್ದು ನಾ ಕಿವಿಯಾರೆ ಕೇಳೀನಿ. ನಲವತ್ತೆರಡಿದ್ದದ್ದು ವಾಕಿಂಗ್ ಮಾಡಿ ನಲವತ್ತಕ್ಕ ಇಳಿಸೀನಿ ಅಂತ ಅವತ್ತೇ ಮನ್ಯಾಗ ಹೇಳೀನಿ. ಕಟ್ಟಿ ಹಾಕಿ ಕೇಳಿದ್ರೂ ನಲವತ್ತೇ!"

ಹಿಂದೆ ಬಸ್ಸೊಂದು ಹಾರ್ನ್ ಬಾರಿಸಿತು. ಭಗವಂತರಾಯರು ಅದರ ಕಡೆ ತಿರುಗದೆಯೇ ಅಂಗೈ ತೋರಿಸಿದರು, ಬಸ್ಸು ಸುಮ್ಮನಾಯಿತು. ಸಾಹೇಬರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಹಮೀದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ಹಮೀದಾ?"

"ಅಜೀ... ಒಂದಿಂಚು ನಾನು ಸೇರಿಸಿ ಬರೀತೀನಿ."

"ಯಾರಿಗೆ?"

"ಎಲ್ಲಾರಿಗೂ."

"ಯಾವಾಗಿಂದ?"

"ಮದುವೆಯಾದ ವರ್ಷದಿಂದ. ನೀವು ಟೇಪು ಹಿಡಿದ ಕೂಡ್ಲೇ ಗಂಡಸರೆಲ್ಲಾ ಹೊಟ್ಟೆ ಒಳಗೆ ಎಳ್ಕೊಳ್ತಾರೆ. ನೀವು ಟೇಪು ನೋಡ್ತಿರ್ತೀರಿ, ನಂಗೆ ಪರದೆ ಸಂದೀಲಿ ಹೊಟ್ಟೆ ಕಾಣುತ್ತೆ. ಪಾಪ, ಹಬ್ಬದ ದಿನ ಗುಂಡಿ ಕಿತ್ತು ಹೋಗಬಾರ್ದಲ್ಲ ಅಂತ ಒಂದಿಂಚು... ಈಗ ಕೈಗೆ ಅದೇ ರೂಢಿಯಾಗೋಗಿದೆ."

ಭಗವಂತರಾಯರು ಒಮ್ಮೆ ಕೆಳಗೆ ನೋಡಿಕೊಂಡರು. ತೊಟ್ಟಿದ್ದದ್ದು ಅದೇ ಪ್ಯಾಂಟು, ಹಿತವಾಗಿ ಕೂತಿತ್ತು. ಅವರು ಆ ವಿಷಯವನ್ನು ಮುಂದುವರಿಸಲಿಲ್ಲ.

"ನಾನು ಅಬ್ಬಾ ಹೇಳಿದ್ದನ್ನೇ ಬರ್ದೆ," ಎಂದಳು ಮೆಹ್ವಿಶ್ ಹಿಂದಿನಿಂದ. "ಎಡಗಡೆ ನಾನು. ಬಲಗಡೆ ಅಮ್ಮಿ."

ಮರಳಿನ ಚೀಲದ ಹಿಂದಿನಿಂದ ಪೀರಪ್ಪನ ದನಿ ಬಂತು. "ಅಲ್ರೀ ಅಕ್ಕಾ, ಜೀಪೇನು ಹೊಟ್ಟಿ ಎಳ್ಕೊಂಡಿತ್ತೇನ್ರೀ?"

ಮೊದಲು ನಕ್ಕವರು ರೇವತಿ. ಆಮೇಲೆ ಭಗವಂತರಾಯರು ಜೀಪಿಗೆ ಒರಗಿಕೊಂಡು ನಕ್ಕರು. ಅವರ ಭಾರಕ್ಕೆ ಜೀಪು ಕ್ಷಣಕಾಲ ನೆಟ್ಟಗಾಯಿತು. ಮೂವತ್ತು ವರ್ಷದ 'ಬೆರಳಿನ ಗುಣ' ಸಾಹೇಬರ ಕಣ್ಣೆದುರಿಗೇ ಹಳೇ ಮದ್ರಾಸ್ ರಸ್ತೆಯಲ್ಲಿ ಕರಗಿಹೋಗುತ್ತಿತ್ತು. ಅವರು ತಮ್ಮ ಎರಡು ಬೆರಳನ್ನೂ ನೋಡಿಕೊಂಡರು, ಹೆಂಡತಿಯನ್ನೂ ನೋಡಿದರು, ಕೊನೆಗೆ ಅವರಿಗೂ ನಗು ತಡೆಯಲಾಗಲಿಲ್ಲ.

"ಆ ತುಂಡು ಇವತ್ತೇ ತೆಗಿಸ್ರಿ," ಎಂದರು ಭಗವಂತರಾಯರು ಕಣ್ಣೊರೆಸಿಕೊಂಡು. "ಹಿಂಗ ಓಡಿಸ್ಬಾರ್ದು. ನಿಧಾನಕ್ಕ ಬರ್ರಿ, ಸೇತುವಿ ದಾಟೋತನಕ ನಾ ಮುಂದ ಹೋಗ್ತೀನಿ."

ಸೇತುವೆ ದಾಟಿದ ಮೇಲೆಯೂ, ಪಾಪ, ಹಾಲ್ ಎಲ್ಲಿದೆ ಎಂದು ಕೇಳಿಕೊಂಡು ಅಲ್ಲಿಯವರೆಗೂ ಬಂದರು. ಹೀಗಾಗಿ ಗಂಡಿನ ಕಡೆಯವರು ಕಂಡದ್ದು ಇಷ್ಟು: ಮುಂದೆ ಪೊಲೀಸ್ ಬೈಕು, ಹಿಂದೆ ಥಳಥಳ ಹೊಳೆಯುವ ದೊಡ್ಡ ಜೀಪು, ವಿನಯದಿಂದ ಕೊಂಚ ಬಾಗಿಕೊಂಡೇ ಬರುತ್ತಿದೆ. ಹುಡುಗನ ತಂದೆ ಎದ್ದು ನಿಂತರು. "ಹುಡುಗಿಯ ಸೋದರತ್ತೆ-ಮಾವ ಅಂದ್ರೆ ಇವರೇನಾ? ಇಷ್ಟು ದೊಡ್ಡ ಜನ ಅಂತ ಹೇಳಲೇ ಇಲ್ಲ!" ಎಂದು ಅಫ್ಜಲನನ್ನು ಆಕ್ಷೇಪಿಸಿದರು.

ಅಫ್ಜಲನ ಕಣ್ಣು ಮಾತ್ರ ಜೀಪಿನ ಓರೆಯ ಮೇಲಿತ್ತು. ಅವನು ಅಕ್ಕನಿಗೆ ಸ್ಟೂಲು ಹಿಡಿದು ಇಳಿಸುತ್ತಲೇ ಕೇಳಿದ, "ಆಪಾ, ದಾರೀಲಿ ನಿಂತ್ರಾ?"

"ನಿಂತ್ವಿ."

"ಜನ ನಕ್ರಾ?"

"ನಕ್ರು. ಪೊಲೀಸರೂ ನಕ್ರು."

"ಹಾಗಾದ್ರೆ ಕೀ..."

"ಇರು." ಹಮೀದಾ ಯಾಸಿರನನ್ನು ಕೂಗಿ ಕರೆದರು. ಹೊಸ ಕುರ್ತಾ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಹುಡುಗಿಯರಿರುವ ಕಡೆ ಓಡಾಡುತ್ತಿದ್ದ ಯಾಸಿರ್ ಬಂದ. ವಿಷಯ ಕೇಳಿದ. ಸಾಹೇಬರ ಮುಖ ನೋಡಿದ. "ನಾನು ಹೇಳಲಿಲ್ವಾ" ಎನ್ನುವ ಮಾತು ಅವನ ನಾಲಿಗೆಯ ತುದಿಯವರೆಗೆ ಬಂದದ್ದು ಎಲ್ಲರಿಗೂ ಕಂಡಿತು. ನುಂಗಿಕೊಂಡು ಜ್ಯಾಕ್ ತರಲು ಹೋದ.

ಒಂದು ಹಳೇ ಜಮಖಾನ ಹಾಸಿ, ಅದರ ಮೇಲೆ ಮಲಗಿ, ಜೀಪಿನ ಕೆಳಗೆ ತೂರಿದ. ಅರ್ಧ ನಿಶ್ಚಿತಾರ್ಥವೇ ಹಾಲಿನಿಂದ ಹೊರಗೆ ಬಂದು ಸುತ್ತ ನಿಂತಿತು. ಯಾಸಿರ್ ಕೈ ಚಾಚಿದ, ಹೊರಳಿದ, ಕಾಲು ಊರಿ ಎದೆಯುಬ್ಬಿಸಿ ಬೋಲ್ಟು ತಿರುಗಿಸಿದ. ಅವನ ತಾಯಿ "ಕುರ್ತಾ ಹರೀತು, ಹೊಸಾ ಕುರ್ತಾ ಹರೀತು" ಎಂದು ಒಂದೇ ಸಮನೆ ಹೇಳುತ್ತಿದ್ದರು. ಅರ್ಧ ಗಂಟೆಯಲ್ಲಿ ಮುಂದಿನದು, ಹಿಂದಿನದು, ಎರಡೂ ತುಂಡು ಹೊರಬಂದವು. ಜೀಪು ಉಸಿರು ಬಿಟ್ಟಂತೆ ಕೆಳಗಿಳಿದು ನೆಟ್ಟಗೆ ನಿಂತಿತು. ಯಾಸಿರ್ ಎದ್ದು ಮೈ ಕೊಡವಿದ. ತಾಯಿ ಕಂಕುಳು, ಬೆನ್ನು, ಪಕ್ಕೆ ಎಲ್ಲ ತಿರುಗಿಸಿ ತಿರುಗಿಸಿ ನೋಡಿದರು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

"ಟೈಟಾಗಿ ಹೊಲ್ದಿದ್ರೆ ನಾನು ಈಗ ಬನಿಯನ್ನಲ್ಲಿ ನಿಂತಿರ್ತಿದ್ದೆ ಚಾಚಾ," ಎಂದ ಯಾಸಿರ್.

"ನನಗಲ್ಲ, ನಿನ್ನ ಚಾಚಿಗೆ ಹೇಳು," ಎಂದರು ಸಾಹೇಬರು. ಅಷ್ಟು ಜನರ ಎದುರು ಈ ಮಾತು ಹೇಳಲು ಅವರಿಗೆ ಸ್ವಲ್ಪವೂ ಕಷ್ಟವಾಗಲಿಲ್ಲ.

ಹಮೀದಾ ತಮ್ಮನ ಕಡೆ ತಿರುಗಿದರು. "ನೋಡ್ದೆಯಾ ಅಫ್ಜಲ್? ಜೀಪು ಮೊದಲಿಂದಾನೂ ನೆಟ್ಟಗೇ ಇತ್ತು. ಓರೆಯಾಗಿದ್ದು ನನ್ನ ಪುಸ್ತಕ. ನನ್ನ ತಪ್ಪಿಗೆ ಅವರ ಜೀಪು ಕೊಡೋದು ಯಾವ ನ್ಯಾಯ? ಬೇಕಿದ್ರೆ ಪುಸ್ತಕ ತಗೊಂಡು ಹೋಗು."

ಅಫ್ಜಲ್ ಬಾಯಿ ತೆರೆದ. ಅದೇ ಹೊತ್ತಿಗೆ ಹುಡುಗನ ತಂದೆ ಬಂದು, ಮದುವೆಯ ದಿನ ನಮ್ಮ ಹುಡುಗ ಈ ಜೀಪಿನಲ್ಲೇ ಬರಬಹುದೇ ಎಂದು ಸಾಹೇಬರನ್ನು ಕೈಮುಗಿದು ಕೇಳಿದರು. ಅಫ್ಜಲ್ ತೆರೆದ ಬಾಯಿಗೆ ಒಂದು ಮಿಠಾಯಿ ಹಾಕಿಕೊಂಡ.

ಪೀರಪ್ಪ ಊಟ ಮುಗಿಸಿ ಮರಳಿನ ಚೀಲವನ್ನು ಬಲಗಡೆ ಬೆಂಚಿನ ಕೆಳಗಿಟ್ಟು, ಎಡಗಡೆ ಕಾಲು ಚಾಚಿಕೊಂಡು ಮರ್ಫಿ ಟೌನಿಗೆ ಮರಳಿದ.

ಮರುದಿನ ಬೆಳಿಗ್ಗೆ ಸಾಹೇಬರು ಅಂಗಡಿ ತೆರೆಯುವ ಮೊದಲೇ ಟೇಪು ಹಿಡಿದು ಬೀದಿಗಿಳಿದರು. ರೇವತಿ ಹೂ ಕಟ್ಟುವುದನ್ನು ನಿಲ್ಲಿಸಿ, "ಮತ್ತೆ ಶುರುವಾಯ್ತಾ?" ಎಂದರು. ಸಾಹೇಬರು ಹಮೀದಾರನ್ನು ಹೊರಗೆ ಕರೆದು ಜೀಪಿನ ಪಕ್ಕ ನಿಲ್ಲಿಸಿದರು. ಹತ್ತಲು ಒಂದು ಮೆಟ್ಟಿಲು ಮಾಡಿಸಬೇಕಿತ್ತು. ಯಾಸಿರ್ ಅಳತೆ ಕೇಳಿದ್ದ.

"ಕಾಲು ಎತ್ತು. ಸುಲಭವಾಗಿ ಎಷ್ಟು ಎತ್ತೋಕಾಗುತ್ತೋ ಅಷ್ಟು."

ಹಮೀದಾ ಬೀದಿಯವರೆಲ್ಲ ನೋಡುತ್ತಿದ್ದಾರೆಂದು ಹುಡುಗಿಯ ಹಾಗೆ ಚಟ್ಟನೆ ಎತ್ತರಕ್ಕೆ ಎತ್ತಿದರು. ಮುಖದಲ್ಲಿ ಮಂಡಿನೋವು ಮಿಂಚಿ ಮರೆಯಾಯಿತು.

"ಹದಿನೈದು," ಎಂದರು ಸಾಹೇಬರು.

ಹಮೀದಾ ಕಾಲಿಳಿಸಿ, ಕಿಟಕಿಯಲ್ಲಿದ್ದ ಪುಸ್ತಕ ತೆಗೆದುಕೊಂಡು ಪೆನ್ನು ಹಿಡಿದರು. ಕೈ ತಡೆಯಿತು. "ಹೇಳಿದಷ್ಟೇ ಬರೀಲಾ ಅಜೀ?"

ಸಾಹೇಬರು ಅವರ ಕೈಯಿಂದ ಪೆನ್ನು ತೆಗೆದುಕೊಂಡು ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಆ ಪುಸ್ತಕದಲ್ಲಿ ತಾವೇ ಬರೆದರು. ಹದಿನಾಲ್ಕು.

"ಹ್ಞೂಂ," ಎಂದರು ಹಮೀದಾ.